ಉಸಿರು ಕಟ್ಟಿ ಎತ್ತಿದ್ದು

ಎಲುಬಿನ ಡಾಕ್ಟರು ಎತ್ತು ಅಂದರು. ಕಣ್ಣಿನ ಡಾಕ್ಟರು ಎತ್ತಬೇಡ ಅಂದರು. ಇಬ್ಬರೂ ನಿನ್ನ ಒಳ್ಳೆಯದಕ್ಕೇ ಹೇಳಿದ್ದು ಎಂದು ಮನೆಯವರು ಸಮಾಧಾನ ಮಾಡಲು ಬಂದರು. ಒಳ್ಳೆಯದು ಬಯಸುವವರು ಮೊದಲು ತಮ್ಮತಮ್ಮಲ್ಲಿ ಮಾತಾಡಿಕೊಂಡು ಆಮೇಲೆ ನನ್ನ ಹತ್ತಿರ ಬರಬಾರದೇ ಎಂದು ನನಗೆ ಮೈ ಉರಿಯುತ್ತಿತ್ತು.

ನನಗೆ ಐವತ್ತು ದಾಟಿದೆ. ಮನೆ ತೆಲುಗು ನಾಡಿನ ಗಡಿಯ ನಾರಾಯಣಪೇಟೆಯಲ್ಲಿ, ಕೆಲಸ ಮಕ್ತಲ್ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು, ನನ್ನ ಮುಂದೆ ಮಾತ್ರ ಕನ್ನಡ ಮಾತಾಡುವ ಮಕ್ಕಳಿಗೆ ಒತ್ತಕ್ಷರ ಕಲಿಸುತ್ತ ತಲೆ ನರೆತಿದೆ. ಗಂಡ ನಮ್ಮ ಓಣಿಯ ಪ್ರಾಣದೇವರ ಗುಡಿಯ ಅರ್ಚಕರು. ಗುಡಿಗೂ ನಮ್ಮ ಅಡುಗೆಮನೆಗೂ ನಡುವೆ ಒಂದು ಅಂಗಳವಷ್ಟೇ. ನೈವೇದ್ಯದ ಅಡುಗೆ ಇಲ್ಲೇ ಆಗುತ್ತದೆ. ತುಂಬಿದ ತಪ್ಪೇಲಿಯನ್ನು ಅಂಗಳ ದಾಟಿಸುವುದು ಸೊಸೆಯ ಕೆಲಸ. ದಾಟಿ ಮುಗಿಯುವ ತನಕ ನಾನು ತುಟಿ ಬಿಚ್ಚುವಂತಿಲ್ಲ. ಆ ಕಡೆ ಗುಡಿಯ ಹೊಸ್ತಿಲಲ್ಲಿ ಗಂಡ ಬಾಯಿಗೆ ವಸ್ತ್ರ ಕಟ್ಟಿಕೊಂಡು ನಿಂತಿರುತ್ತಾರೆ, ತಪ್ಪೇಲಿ ಇಸಿದುಕೊಂಡು ಒಳಗೆ ಹೋಗುತ್ತಾರೆ. ಮದುವೆಯಾಗಿ ಬಂದ ಮಾರನೆಯ ದಿನದಿಂದ ನಡೆದು ಬಂದದ್ದು ಇದು.

ಹೋದ ಮಳೆಗಾಲದಲ್ಲಿ ಇದೇ ಅಂಗಳದ ಹಾಸುಗಲ್ಲಿನ ಮೇಲೆ ಜಾರಿ ಮುಂಗೈ ಮುರಿದುಕೊಂಡೆ. ಪಟ್ಟಿ ಬಿಚ್ಚಿದ ದಿನ ಎಲುಬಿನ ಡಾಕ್ಟರು ಎಕ್ಸ್‌ರೇ ಚಿತ್ರಗಳನ್ನು ಬೆಳಕಿಗೆ ಹಿಡಿದು ಹೇಳಿದರು: “ಎಲುಬು ಜೊಳ್ಳಾಗ್ಯಾವ್ರಿ ಟೀಚರ್. ಗುಳಿಗಿ ಕೊಡ್ತೀನಿ, ಆದ್ರ ಗುಳಿಗಿ ಒಂದರಿಂದ ಆಗಂಗಿಲ್ಲ. ಭಾರ ಎತ್ತಾಕ ಕಲೀರಿ.”

ನನಗೆ ನಗು ಬಂತು. “ಕೊಡ, ಹಂಡಿ, ಗ್ಯಾಸಿನ ಸಿಲಿಂಡರು ಎಲ್ಲಾ ನಾನs ಎತ್ತಿದ್ದು ಸಾರ್. ಇನ್ನೇನು ಕಲೀಲಿ?”

“ಅದು ದುಡಿಮಿ. ಇದು ಕಸರತ್ತು. ಎರಡೂ ಒಂದಲ್ಲ” ಅಂದರು.

ಹೀಗೆ ನಾನು ಜಿಮ್ ಸೇರಿದೆ. ಬಜಾರಿನಲ್ಲಿ ಒಂದು ಸೀರೆ ಅಂಗಡಿಯ ಮೇಲಿನ ಅಂತಸ್ತು. ಕೆಳಗೆ ಗಾದಿಯ ಮೇಲೆ ಸೀರೆ ಬಿಚ್ಚಿ ಹರವುತ್ತಾರೆ, ಮೇಲೆ ಕಬ್ಬಿಣದ ಸದ್ದು. ಬೆಳಗ್ಗೆ ಗಂಡಸರು ಹೋದ ಮೇಲೆ ಒಂದು ತಾಸು ಹೆಂಗಸರಿಗೆ. ಹೇಳಿಕೊಡುವವಳು ಧನ್ವಾಡದಿಂದ ಮೊದಲ ಬಸ್ಸಿಗೆ ಬರುವ ಹುಡುಗಿ. ಮಗ್ಗದ ಮನೆಯವಳು, ತೆಳ್ಳಗೆ ಕಡ್ಡಿಯ ಹಾಗಿದ್ದಾಳೆ, ಮನಸ್ಸು ಮಾಡಿದರೆ ನನ್ನನ್ನೇ ಎತ್ತಿ ಮೂಲೆಗೆ ಇಟ್ಟಾಳು.

ಸುಳ್ಳು ಯಾಕೆ ಹೇಳಲಿ, ನನಗೆ ಅದರ ಹುಚ್ಚೇ ಹಿಡಿಯಿತು. ಇಡೀ ದಿನದಲ್ಲಿ ಯಾರ ಊಟಕ್ಕೂ, ಯಾರ ಸ್ನಾನಕ್ಕೂ ಅಲ್ಲದೆ ನನಗೋಸ್ಕರ ನಾನು ಭಾರ ಎತ್ತುತ್ತಿದ್ದದ್ದು ಆ ಒಂದು ತಾಸಿನಲ್ಲಿ ಮಾತ್ರ. ಸ್ಕೂಟಿಯನ್ನು ಒಂದೇ ಏಟಿಗೆ ಸ್ಟ್ಯಾಂಡಿಗೆ ಹಾಕತೊಡಗಿದೆ. ಶಾಲೆಯ ಮೆಟ್ಟಿಲು ಹತ್ತುವಾಗ ಮೊಣಕಾಲು ಸದ್ದು ಮಾಡಲಿಲ್ಲ. ಅತ್ತೆ ಮಾತ್ರ ಮೊದಲ ದಿನದಿಂದಲೇ ಮುಖ ಗಂಟು ಹಾಕಿದ್ದರು.

“ತಾಲೀಮಖಾನಿಗೆ ಹೋಗೋ ಸೊಸಿನ್ನ ಈ ಮನಿ ಎಂದೂ ಕಂಡಿದ್ದಿಲ್ಲವಾ.”

ಈ ಮನೆ ಕಂಡಿಲ್ಲವೋ ಏನೋ, ಅತ್ತೆಗಂತೂ ಈಗ ಏನೂ ಕಾಣುವುದಿಲ್ಲ. ಕಣ್ಣೊಳಗಿನ ಒತ್ತಡ ಸದ್ದಿಲ್ಲದೆ ಏರುತ್ತಾ ಹೋಗಿ, ನಾವು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಹೊತ್ತಿಗೆ ಒಂದು ಕಣ್ಣು ಪೂರ್ತಿ, ಇನ್ನೊಂದು ಬಹುಪಾಲು ಹೋಗಿತ್ತು. ಈಗ ಕಿಟಕಿ ಎಲ್ಲಿದೆ ಎನ್ನುವಷ್ಟು ಬೆಳಕು ಮಾತ್ರ ಗೊತ್ತಾಗುತ್ತದೆ. ಅಡುಗೆಮನೆಯ ಬಾಗಿಲಲ್ಲಿ ಕೂತು ಕಿವಿಯಿಂದಲೇ ಸಂಸಾರ ನಡೆಸುತ್ತಾರೆ. ಬೇಳೆ ಬೆಂದಿತೇ, ಹಾಲು ಉಕ್ಕಲಿದೆಯೇ, ಸೊಸೆ ಸಿಟ್ಟಿನಲ್ಲಿ ಪಾತ್ರೆ ಇಟ್ಟಳೇ, ಎಲ್ಲ ಅವರಿಗೆ ಕೇಳುತ್ತದೆ.

ಅವರನ್ನು ನೋಡಿದಾಗಲೆಲ್ಲ ನನ್ನ ಕೈ ನನಗೇ ತಿಳಿಯದೆ ಬಲಗಣ್ಣಿಗೆ ಹೋಗುತ್ತಿತ್ತು. ಯಾಕೆಂದರೆ ನನ್ನ ಎಡಗಣ್ಣು ಚಿಕ್ಕಂದಿನಿಂದಲೂ ಮಬ್ಬು. ಬಸ್ಸಿನ ಬೋರ್ಡು ಓದಬಹುದು, ಅದೂ ಬಸ್ಸು ನಿಂತಿದ್ದರೆ. ಸ್ಕೂಟಿ, ಶಾಲೆ, ಮಕ್ಕಳ ಪಟ್ಟಿ ಪುಸ್ತಕ, ಅಕ್ಕಿಯಲ್ಲಿನ ಕಲ್ಲು, ಎಲ್ಲ ನಡೆದದ್ದು ಒಂದೇ ಕಣ್ಣಿನ ಮೇಲೆ.

ಜಿಮ್‌ನಲ್ಲಿ ಆ ಹುಡುಗಿ ದಿನವೂ ಒಂದೇ ಮಾತು ಕೂಗುತ್ತಿದ್ದಳು: “ಊಪಿರಿ ವದಲಂಡಿ ಟೀಚರಮ್ಮಾ!” ಉಸಿರು ಬಿಡಿ ಅಂತ. “ಬಿಡ್ತಿದ್ದೀನಿ ತಗೋ” ಎಂದು ನಾನೂ ದಿನಾ ಹೇಳುತ್ತಿದ್ದೆ. ಬಿಡುತ್ತಿದ್ದದ್ದೂ ನಿಜವೇ, ಆದರೆ ಕಬ್ಬಿಣ ನೆಲಕ್ಕಿಟ್ಟ ಮೇಲೆ.

ಅವತ್ತು ಉದ್ದನೆಯ ಸರಳನ್ನು ನೆಲದಿಂದ ಎತ್ತುವುದಿತ್ತು. ಹಿಂದಿನ ದಿನಕ್ಕಿಂತ ಸ್ವಲ್ಪ ಹೆಚ್ಚಿನ ಭಾರ. ಹಲ್ಲು ಕಚ್ಚಿ ಎತ್ತಿ ನೆಟ್ಟಗೆ ನಿಂತೆ. ಮುಖ ಬಿಸಿಯಾಯಿತು, ಕಿವಿಯಲ್ಲಿ ಗುಂಯ್ ಎಂದಿತು. ಇಳಿಸಿ, ಗೆದ್ದವಳ ಗತ್ತಿನಲ್ಲಿ ಎದುರಿನ ಕನ್ನಡಿ ನೋಡಿಕೊಂಡೆ. ಕನ್ನಡಿಯಲ್ಲಿ ನನ್ನ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದು ಕಂಡಿತು, ಕೈ ಕಂಡವು, ಹಿಂದೆ ನಿಂತಿದ್ದ ಹುಡುಗಿ ಕಂಡಳು. ಮುಖ ಇದ್ದ ಜಾಗದಲ್ಲಿ ಕಂದು ಬಣ್ಣದ ಒಂದು ದುಂಡನೆಯ ಕಲೆ. ಕಣ್ಣು ಉಜ್ಜಿಕೊಂಡೆ. ಕಲೆ ಹೋಗಲಿಲ್ಲ. ಎಲ್ಲಿ ನೋಡಿದರೆ ಅಲ್ಲಿಗೇ ಬಂತು. ನೋವಿಲ್ಲ, ಉರಿಯಿಲ್ಲ, ನೀರಿಲ್ಲ. ನೋವಾದರೂ ಆಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಸ್ಕೂಟಿಯನ್ನು ಸೀರೆ ಅಂಗಡಿಯ ಮುಂದೆಯೇ ಬಿಟ್ಟು ಆಟೋದಲ್ಲಿ ಮನೆಗೆ ಬಂದೆ. “ನಾ ಮೊದಲs ಹೇಳಿದ್ದೆ” ಎಂದು ಅತ್ತೆ ಶುರು ಮಾಡಿದರು. ಗಂಡ ತೀರ್ಥ ತಂದು ಕಣ್ಣಿಗೆ ಹಚ್ಚಲು ಬಂದರು. ತೀರ್ಥ ಕುಡಿದೆ, ಕಣ್ಣಿಗೆ ಬೇಡ ಅಂದೆ.

ಅತ್ತೆಯನ್ನು ನೋಡುವ ಕಣ್ಣಿನ ಡಾಕ್ಟರು ಇರುವುದು ಗದ್ವಾಲದಲ್ಲಿ. ಗಂಡನ ಜೊತೆ ಬಸ್ಸು ಹತ್ತಿ, ಮಕ್ತಲ್‌ನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಹೊರಟೆವು. ಜೂರಾಲದ ಅಣೆಕಟ್ಟೆಯ ಮೇಲೆ ಬಸ್ಸು ಬಂದಾಗ ಎಂದಿನಂತೆ ಮೀನು ಕರಿಯುವ ವಾಸನೆ ಕಿಟಕಿಯಿಂದ ನುಗ್ಗಿತು. ನಾನೂ ಎಂದಿನಂತೆ ಕಟ್ಟೆ ಮುಗಿಯುವ ತನಕ ಉಸಿರು ಕಟ್ಟಿ ಕೂತೆ. ಪಕ್ಕದಲ್ಲಿ ಗಂಡ ಹೆಗಲ ಮೇಲಿನ ವಸ್ತ್ರವನ್ನು ಮೂಗಿಗೆ ಹಿಡಿದು ಹಾಯಾಗಿ ಕಿಟಕಿಯ ಹೊರಗೆ ನೀರು ನೋಡುತ್ತಿದ್ದರು. ಅದನ್ನು ನಾನು ನೋಡಿಯೂ ಇದ್ದೆ. ನೋಡಿದ್ದು ತಲೆಗೆ ಹೋಗಲಿಲ್ಲ.

ಡಾಕ್ಟರು ನನಗಿಂತ ಚಿಕ್ಕವರು, ಗಟ್ಟಿ ಹೆಂಗಸು. ಕಣ್ಣಿಗೆ ಔಷಧ ಹಾಕಿ, ಪಾಪೆ ಅಗಲವಾದ ಮೇಲೆ ಬಹಳ ಹೊತ್ತು ನೋಡಿದರು.

“ಭಾರ ಎತ್ತುವಾಗ ಉಸಿರು ಕಟ್ಟಿ ತಿಣುಕಿರಿ. ಎದಿಯೊಳಗಿನ ಒತ್ತಡ ತಲಿಗೆ, ಕಣ್ಣಿಗೆ ಏರತೈತಿ. ಒಂದು ಸಣ್ಣ ನರ ಒಡದು ಪರದೆ ಮುಂದ ರಕ್ತ ನಿಂತೈತಿ.”

“ನಾ ಉಸಿರು ಕಟ್ಟಿಲ್ರೀ” ಅಂದೆ.

“ಕಟ್ಟೀರಿ” ಅಂದರು.

ನನ್ನ ಉಸಿರಿನ ವಿಷಯ ನನಗಿಂತ ಇವರಿಗೆ ಗೊತ್ತೇ ಎಂದು ಸಿಟ್ಟು ಬಂತು. ಆದರೂ ಕೇಳಬೇಕಾದದ್ದು ಕೇಳಿದೆ, ಕಣ್ಣು ಬರುತ್ತದೆಯೇ ಅಂತ.

“ರಕ್ತ ತಾನs ಆರತೈತಿ, ಕಣ್ಣು ಬರತೈತಿ. ಅಲ್ಲೀತನಕ ಭಾರ ಎತ್ತಬ್ಯಾಡ್ರಿ, ಬಗ್ಗಬ್ಯಾಡ್ರಿ, ತಲೆದಿಂಬು ಎತ್ತರ ಇಟ್ಕೊಂಡು ಮಲಗ್ರಿ. ನಿಮಗ ಇರೋದು ಇದೊಂದ ಕಣ್ಣು. ಮತ್ತೊಮ್ಮೆ ಹಿಂಗಾದ್ರ ನಾ ಮಾತು ಕೊಡಾಕ ಆಗಂಗಿಲ್ಲ.”

ಆಮೇಲಿನ ದಿನಗಳನ್ನು ಮಬ್ಬುಗಣ್ಣಿನಲ್ಲೇ ಕಳೆದೆ. ಪಾಠದ ಪುಸ್ತಕವನ್ನು ಎಡಗಣ್ಣಿಗೆ ಅಂಟಿಸಿಕೊಂಡು ಓದಿದೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರ ಮುಖವೂ ಕಾಣದೆ ಕಲೆಗೆ ನಮಸ್ಕಾರ ಮಾಡಿದೆ. ಸ್ಟಾಫ್ ರೂಮಿನಲ್ಲಿ ಆಯುರ್ವೇದ, ಹೋಮಿಯೋಪತಿ, ಕೊತ್ತಪಲ್ಲಿಯ ಯಾರೋ ಬೇರು ಕೊಡುವವರು, ಎಲ್ಲ ಬಂದು ಹೋದವು. ಒಬ್ಬರು ಶೀರ್ಷಾಸನ ಮಾಡು ಎಂದು ಗಂಟುಬಿದ್ದರು. ತಲೆಕೆಳಗಾಗಿ ನಿಂತರೆ ಕಣ್ಣಿಗೆ ರಕ್ತ ಚೆನ್ನಾಗಿ ಇಳಿಯುತ್ತದಂತೆ. ಇಳಿದ ರಕ್ತವೇ ಸಾಕಾಗಿದೆ ಮಾರಾಯರೇ ಅಂದೆ. ಫೋನಿನಲ್ಲಿ ಡಾಕ್ಟರನ್ನು ಕೇಳಿದಾಗ ಅವರು ಬೈದೇಬಿಟ್ಟರು, ತಲೆ ಕೆಳಗೆ ಮಾಡಿದಷ್ಟೂ ಕಣ್ಣಿನ ಒತ್ತಡ ಏರುತ್ತದೆ, ಆ ಕಡೆ ತಿರುಗಿಯೂ ನೋಡಬೇಡಿ ಅಂತ.

ಇತ್ತ ಎಲುಬಿನ ಡಾಕ್ಟರು ಕಸರತ್ತು ಬಿಟ್ಟದ್ದಕ್ಕೆ ಬೇಸರಪಟ್ಟರು. “ಬಹಳ ದಿನ ಬಿಟ್ರ ಮತ್ತ ಮೊದಲಿನಂಗs ಆಗ್ತಾವು ನೋಡ್ರಿ” ಅಂದರು. ಕಣ್ಣಿನ ಕಥೆ ಹೇಳಿದೆ. “ಅದು ಅವರನ್ನ ಕೇಳ್ರಿ” ಎಂದು ಕೈ ತೊಳೆದುಕೊಂಡರು. ಒಬ್ಬರಿಗೆ ನಾನು ಎಲುಬು, ಇನ್ನೊಬ್ಬರಿಗೆ ಕಣ್ಣು. ಇವೆರಡನ್ನೂ ಹೊತ್ತುಕೊಂಡು ಬಸ್ಸು ಹತ್ತಿ ಇಳಿಯುವವಳು ಯಾರಿಗೂ ಬೇಕಿರಲಿಲ್ಲ.

ನೈವೇದ್ಯದ ತಪ್ಪೇಲಿಯನ್ನು ಆಗ ಗಂಡನೇ ಒಯ್ದರು. ಒಯ್ಯುತ್ತ ಗೊಣಗಿದರು. ಕಣ್ಣು ಮುಚ್ಚಿ ಎತ್ತರದ ದಿಂಬಿಗೆ ಒರಗಿ ನಾನು ಆ ಗೊಣಗಾಟ ಕೇಳಿಸಿಕೊಂಡೆ.

ಕಲೆ ನಿಧಾನಕ್ಕೆ ತಿಳಿಯಾಯಿತು. ಕಂದು ಇದ್ದದ್ದು ಹಳದಿಯಾಯಿತು, ಆಮೇಲೆ ಹೊಗೆಯ ಹಾಗಾಯಿತು. ಒಂದು ಬೆಳಗ್ಗೆ ಗೋಡೆಯ ಪಂಚಾಂಗದಲ್ಲಿ ತಿಥಿ ಓದಿದೆ. ಅಳು ಬಂತು. ಅತ್ತೆಗೆ ಕೇಳಿಸದ ಹಾಗೆ ಅಳುವುದು ನಮ್ಮ ಮನೆಯಲ್ಲಿ ಸಾಧ್ಯವಿಲ್ಲ. “ಕಂಡ್ತೇನು?” ಎಂದು ಕೂತಲ್ಲಿಂದಲೇ ಕೇಳಿದರು.

ಗದ್ವಾಲದ ಡಾಕ್ಟರು ನೋಡಿ ಸರಿಯಾಗಿದೆ ಅಂದರು. ಕಣ್ಣಿನ ಒತ್ತಡವನ್ನೂ ಅಳೆದರು, ಅದೂ ಸರಿ ಇತ್ತು. ಜಿಮ್‌ಗೆ ಹೋಗಬಹುದೇ ಎಂದು ಕೇಳಿದೆ. ಗಂಡ ಪಕ್ಕದಲ್ಲಿ ಕೆಮ್ಮಿದರು.

“ಎತ್ತಿದ್ದು ತಪ್ಪಲ್ರಿ. ನಡಿಗಿ, ಹಗುರ ಕಸರತ್ತು ಕಣ್ಣಿಗೂ ಚಲೋನs. ಉಸಿರು ಕಟ್ಟಿದ್ದು ತಪ್ಪು. ಎತ್ತುವಾಗ ಬಾಯಿಂದ ಮಾತು ಬರಬೇಕು. ಮಾತು ನಿಂತ್ರ ಭಾರ ಇಳಸ್ರಿ. ಉಸಿರು ಬಿಡಾಕ ಬರಂಗಿಲ್ಲಂದ್ರ ಎತ್ತಾಕ ಹೋಗಬ್ಯಾಡ್ರಿ.”

ಎದ್ದು ಬರುವ ಮುಂಚೆ ಇನ್ನೊಂದು ಮಾತು ಕೇಳಿದೆ. ನಮ್ಮತ್ತೆ ಜೀವನವಿಡೀ ಕೊಡ, ಹಂಡೆ ಹೊತ್ತವರು. ಅವರ ಕಣ್ಣು ಹೋದದ್ದೂ ಹೀಗೆಯೇ?

“ಹಂಗಂತ ಹೇಳಾಕ ಬರಂಗಿಲ್ಲ. ಅವರ ಜಡ್ಡು ಬ್ಯಾರೆ” ಅಂದರು.

ಜಿಮ್‌ನ ಹುಡುಗಿ ನನ್ನನ್ನು ನೋಡಿ ಅತ್ತೇಬಿಟ್ಟಳು. ತನ್ನಿಂದ ಹೀಗಾಯಿತು ಎಂದು ಕೊರಗಿದ್ದಳಂತೆ. ಈ ಸಲ ಕೈಗೆ ಬರೀ ಒಂದು ಕೋಲು ಕೊಟ್ಟು, “ಟೀಚರಮ್ಮಾ, ಎತ್ತುವಾಗ ಅ ಆ ಇ ಈ ಹೇಳ್ರಿ” ಅಂದಳು. ಹೇಳಿದೆ. ಅ, ಆ, ಇ. ಕೋಲು ನೆಲ ಬಿಟ್ಟಿತು, ‘ಈ’ ಗಂಟಲಲ್ಲೇ ನಿಂತಿತು. ಮತ್ತೊಮ್ಮೆ. ಮತ್ತೂ ಒಮ್ಮೆ. ಕೋಲಿನ ಬದಲು ಸ್ವಲ್ಪ ಭಾರದ್ದು ಕೊಟ್ಟು ನೋಡಿದಳು, ‘ಅ’ ಕೂಡ ಬರಲಿಲ್ಲ. ಮಗ್ಗಿ ಹೇಳುತ್ತ ನಡುವೆ ನಿಂತ ಮಕ್ಕಳನ್ನು ನಾನು ಎಷ್ಟು ಗದರಿಸಿಲ್ಲ!

“ಭಾರ ಕೈಗೆ ಬಂದ್ರ ಬಾಯಿ ಬಂದ್ ಆಗ್ತೈತಿ ನಿಮ್ದು. ಯಾಕಂತ ನಂಗ ತಿಳೀವಲ್ದು” ಅಂದಳು. ನನಗೂ ತಿಳಿಯಲಿಲ್ಲ. ಕೋಲನ್ನು ಮೂಲೆಗೆ ಎಸೆದು ಇಳಿದು ಬಂದೆ. ಐವತ್ತು ದಾಟಿದ ಹೆಂಗಸಿಗೆ ಉಸಿರಾಡಲು ಬರುವುದಿಲ್ಲ ಎಂದರೆ ಅದನ್ನು ಯಾರಲ್ಲಿ ಹೋಗಿ ಹೇಳುವುದು?

ನೈವೇದ್ಯದ ಕೆಲಸ ಅಷ್ಟರಲ್ಲಿ ನನಗೇ ವಾಪಸು ಬಂದಿತ್ತು. “ಡಾಕ್ಟರು ಹ್ಞೂ ಅಂದ್ರಲ್ಲ” ಎಂದಿದ್ದರು ಗಂಡ, ಬಹಳ ದಿನದ ಮೇಲೆ ನಗುತ್ತ. ಅವತ್ತು ಏಕಾದಶಿಯ ಮರುದಿನ, ದ್ವಾದಶಿ. ಬೆಳಗ್ಗೆ ಬೇಗ ಅಡುಗೆ, ಅನ್ನವೂ ಹೆಚ್ಚು. ಸ್ನಾನ ಮಾಡಿ ಮಡಿ ಉಟ್ಟು ಅಡುಗೆ ಮುಗಿಸಿ, ತಪ್ಪೇಲಿ ಎತ್ತಿಕೊಂಡು ಅಂಗಳಕ್ಕೆ ಇಳಿದೆ.

ಅಂಗಳದ ನಡುವೆ ಎದೆ ಬಿಗಿದದ್ದು ಗೊತ್ತಾಯಿತು. ಮುಖ ಬಿಸಿಯಾಗುತ್ತಿತ್ತು. ಕಿವಿಯಲ್ಲಿ ಅದೇ ಗುಂಯ್. ಕಾಲು ತಾನಾಗಿಯೇ ನಿಂತಿತು. ನಾನು ಉಸಿರು ಕಟ್ಟಿದ್ದೆ. ಒಲೆಯ ಮುಂದೆ ತಪ್ಪೇಲಿಗೆ ಕೈ ಹಾಕಿದಾಗಲೇ ಕಟ್ಟಿದ್ದೆ. ಹೊಸ ಸೊಸೆಗೆ ಅತ್ತೆ ಹೇಳಿಕೊಟ್ಟ ಮೊದಲ ಪಾಠ ಅದು: ಒಲೆಯಿಂದ ದೇವರ ಮುಂದೆ ಇಡುವ ತನಕ ಮಾತಿಲ್ಲ, ಉಸಿರಿಲ್ಲ. ನೈವೇದ್ಯದ ಮೇಲೆ ಉಸಿರು ಬಿದ್ದರೆ ಎಂಜಲು. ಆವತ್ತಿನಿಂದ ದಿನಾ ಬೆಳಗ್ಗೆ ನಾನು ಭಾರ ಎತ್ತುವುದೆಂದರೆ ಉಸಿರು ಕಟ್ಟುವುದೆಂದೇ ದೇಹಕ್ಕೆ ಕಲಿಸಿದ್ದೆ. ಕೊರೋನಾ ಕಾಲದಲ್ಲಿ ಊರಿಗೆ ಊರೇ ಮಾಸ್ಕ್ ಹಾಕಿಕೊಂಡಾಗಲೂ, ಮಾಸ್ಕ್ ಮೈಲಿಗೆ ಎಂದು ಅದನ್ನು ಗೂಟಕ್ಕೆ ತೂಗುಹಾಕಿ, ಉಸಿರು ಕಟ್ಟಿಯೇ ಈ ಅಂಗಳ ದಾಟಿದ್ದೆ.

ಈಗ ಏನು ಮಾಡಲಿ? ಬಿಟ್ಟರೆ ಅನ್ನದ ಮೇಲೆ ಬೀಳುತ್ತದೆ. ಕಟ್ಟಿದರೆ ಇರುವ ಒಂದು ಕಣ್ಣು. ಎದುರು ನೋಡಿದೆ. ಗುಡಿಯ ಹೊಸ್ತಿಲಲ್ಲಿ ಗಂಡ ಕೈ ಚಾಚಿ ನಿಂತಿದ್ದರು. ಬಾಯಿ ಮೂಗಿನ ಮೇಲೆ ಮಡಿ ವಸ್ತ್ರ, ಹಿಂದೆ ಗಂಟು. ಆ ವಸ್ತ್ರ ಅವರ ಉಸಿರಿಗೆ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ನಿಧಾನಕ್ಕೆ, ಆರಾಮವಾಗಿ.

ತಪ್ಪೇಲಿಯನ್ನು ಅಲ್ಲೇ ಹಾಸುಗಲ್ಲಿನ ಮೇಲೆ ಇಟ್ಟುಬಿಟ್ಟೆ.

“ಏ, ಏನು ಮಾಡಿದಿ!” ಎಂದು ಗಂಡ ವಸ್ತ್ರ ಕೆಳಗೆ ಎಳೆದು ಓಡಿ ಬಂದರು. “ನೆಲಕ್ಕಿಟ್ಟಿಯಲ್ಲ, ನೈವೇದ್ಯ ಹೋತಲ್ಲ!”

“ನಿಮಗ ಬಾಯಿಗೆ ಬಟ್ಟಿ ಕಟ್ಟಿಕೊಳ್ಳೋದು ಯಾರು ಹೇಳಿಕೊಟ್ರು?” ಅಂದೆ. ನನ್ನ ದನಿ ನನಗೇ ಪರಕೀಯವಾಗಿತ್ತು.

“ಅಪ್ಪಾರು. ಮುಂಜಿವಿ ಆದಾಗ. ಯಾಕ?”

“ಉಸಿರು ದೇವರ ಮ್ಯಾಲೆ ಬೀಳಬಾರದು ಅಂತ?”

“ಮತ್ತ? ಪೂಜಿ ಆಗೋ ತನಕ ಉಸಿರು ಕಟ್ಟಿರ್ಲಿಕ್ಕೆ ಆಗ್ತದೇನು?”

“ನಾ ಕಟ್ಟೇನಲ್ಲ! ಬಂದಾಗಿನಿಂದ ದಿನಾ ನಿಮ್ಮ ಕಣ್ಣ ಮುಂದ ಕಟ್ಟೇನಲ್ಲ! ನೀನೂ ಒಂದು ಬಟ್ಟಿ ಕಟ್ಟಿಕೋ ಅಂತ ಹೇಳಲಿಕ್ಕೆ ನಿಮ್ಮ ಬಾಯಿಗೇನಾಗಿತ್ತು?”

ಅವರು ನಿಜವಾಗಿಯೂ ಯೋಚಿಸಿದರು. ಆಮೇಲೆ ಹೇಳಿದ ಮಾತಿಗೆ ನಾನು ಇವತ್ತಿಗೂ ಅವರನ್ನು ಪೂರ್ತಿ ಕ್ಷಮಿಸಿಲ್ಲ. “ನೀ ಎಂದೂ ಕೇಳಲೇ ಇಲ್ಲಲ್ಲ.”

ಬಾಯಿಗೆ ಬಂದಂತೆ ಅಂದೆ. ಪ್ರಾಣದೇವರೆಂದರೆ ಉಸಿರಿನ ದೇವರು, ಆ ದೇವರ ಗುಡಿಯಲ್ಲಿ ಗಂಡಸರಿಗೆ ಬಟ್ಟೆ, ಹೆಂಗಸರಿಗೆ ಉಸಿರಿಲ್ಲ, ಇದು ಯಾವ ಶಾಸ್ತ್ರ ಅಂತ ಕೇಳಿದೆ. ಓಣಿಯ ಎರಡು ಬಾಗಿಲು ತೆರೆದದ್ದು ಕಂಡಿತು, ಲೆಕ್ಕಿಸಲಿಲ್ಲ. ನನ್ನ ಕಣ್ಣು ಹೋಗಿದ್ದರೆ ಎಂದು ಹೇಳುವಾಗ ಮಾತ್ರ ದನಿ ಒಡೆಯಿತು. ಗಂಡ ಕೊರಳಲ್ಲಿ ವಸ್ತ್ರ ಜೋತುಬಿದ್ದಿದ್ದ ಹಾಗೆಯೇ ನಿಂತಿದ್ದರು. ಕೈ ಕೈ ಹಿಸುಕಿಕೊಂಡು, “ಹೌದಲ್ಲ” ಅಂದರು. ಅಷ್ಟೇ.

ಅಡುಗೆಮನೆಗೆ ಮರಳಿದೆ. ಅತ್ತೆ ಬಾಗಿಲಲ್ಲಿ ಕೂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ನೈವೇದ್ಯ ಕೆಡಿಸಿದ್ದಕ್ಕೆ ಈಗ ಇವರ ಪಾಳಿ ಎಂದು ನಾನು ಮೈ ಬಿಗಿ ಮಾಡಿಕೊಂಡು ಅಕ್ಕಿ ತೊಳೆಯತೊಡಗಿದೆ. ಒಲೆಯ ಮೇಲೆ ಅಕ್ಕಿ ಕುದಿಯತೊಡಗಿತು.

“ನನಗೂ ಯಾರೂ ಹೇಳಲಿಲ್ಲವಾ” ಅಂದರು ಅತ್ತೆ. “ನಮ್ಮತ್ತಿ ಉಸಿರು ಬಿಡಬ್ಯಾಡ ಅಂದ್ರು. ನಾ ನಿನಗ ಅದನ್ನ ಹೇಳಿದೆ.”

ಡಾಕ್ಟರು ಅವರ ಜಡ್ಡು ಬೇರೆ ಅಂದದ್ದನ್ನು ಹೇಳಲು ಬಾಯಿ ತೆರೆದೆ. ಅದು ಈ ಮಾತಿಗೆ ಉತ್ತರವಲ್ಲ ಅನಿಸಿತು. ಒಲೆಯ ಉರಿ ಸಣ್ಣ ಮಾಡಿದೆ.

ಅತ್ತೆ ಗೋಡೆ ಹಿಡಿದು ಎದ್ದರು. ಮಡಿ ಬಟ್ಟೆ ಒಣಹಾಕುವ ಗಳದ ಕೆಳಗೆ ಹೋಗಿ, ಕೈಯಿಂದಲೇ ಹುಡುಕಿ, ತಮ್ಮ ಹಳೆಯ ನಾರಾಯಣಪೇಟೆ ಸೀರೆಯನ್ನು ಎಳೆದರು. ತೊಳೆದು ತೊಳೆದು ಮೆತ್ತಗಾಗಿದ್ದ ಅದರ ಸೆರಗನ್ನು ಎರಡೂ ಕೈಯಿಂದ ಜಗ್ಗಿ ಪರ್ರೆಂದು ಹರಿದರು.

“ಇಲ್ಲಿ ಬಾ, ಬಗ್ಗು” ಅಂದರು. ಬಗ್ಗಬೇಡಿ ಎಂದು ಡಾಕ್ಟರು ಹೇಳಿದ್ದು ನೆನಪಾಗಿ ಅವರ ಮುಂದೆ ಮಂಡಿಯೂರಿ ಕೂತೆ. ಅವರ ಬೆರಳುಗಳು ನನ್ನ ಗಲ್ಲ, ಮೂಗು, ಕಣ್ಣು ಎಲ್ಲವನ್ನೂ ಒಮ್ಮೆ ಸವರಿ ಜಾಗ ಹುಡುಕಿಕೊಂಡವು. ಕಣ್ಣಿನ ಮೇಲೆ ಬಂದಾಗ ಸ್ವಲ್ಪ ಹೊತ್ತು ನಿಂತವು. ಆಮೇಲೆ ಬಟ್ಟೆಯನ್ನು ಬಾಯಿ ಮೂಗಿಗೆ ಬಿಗಿದು ಹಿಂದೆ ಗಂಟು ಹಾಕಿದರು. ಗಂಟು ಜಾರಿತು, ಮತ್ತೆ ಹಾಕಿದರು.

ಬಿಸಿ ತಪ್ಪೇಲಿ ಎತ್ತಿ ಅಂಗಳಕ್ಕೆ ಇಳಿದೆ. ಎದೆ ಹಳೆಯ ರೂಢಿಯಂತೆ ಬಿಗಿಯಿತು. ಹಿಂದಿನಿಂದ ಅತ್ತೆ ಬಾಗಿಲ ಚೌಕಟ್ಟು ಹಿಡಿದು ಕೂಗಿದರು.

“ಉಸಿರಾಡ್ಲಿಕ್ಕತ್ತೀಯೇನು?”

ನೈವೇದ್ಯ ಕೈಯಲ್ಲಿರುವಾಗ ಮಾತಾಡುವಂತಿಲ್ಲ. ತಲೆ ಆಡಿಸಿದೆ.

“ತಲಿ ಆಡಸಬ್ಯಾಡ, ನನಗೆಲ್ಲಿ ಕಾಣಬೇಕು? ಜೋರ್ಲೆ ಬಿಡು, ಕೇಳಲಿ.”